ಇನ್ನೊಂದು ಭಾನುವಾರ

ಮೈಲಿ ಲೆಕ್ಕ ಕೇಳಬೇಡ, ಯೆಸ್ಟಿನ್.
ಇಷ್ಟು ಮೈಲಿಗೆ ಇಷ್ಟು ಎಂದು ಬರೆದುಕೊಡಲು
ನಾನೇನು ಟೈರು ಕಂಪನಿಯ ಗುಮಾಸ್ತಳಲ್ಲ.
ಸೈಕಲ್ಲು ತಲೆಕೆಳಗು ಮಾಡು. ಅಲ್ಲಲ್ಲ, ಇಲ್ಲಿ, ಹೀಟರಿನ ಪಕ್ಕ.
ಕೈಗವಸು ತೆಗೆ.
ಕಣ್ಣು ಆಸೆಬುರುಕ, ಇನ್ನೂ ಚೆನ್ನಾಗಿದೆ ಅನ್ನುತ್ತದೆ.
ಹೆಬ್ಬೆರಳು ಹಾಗಲ್ಲ.

ನಡುವಿನ ಸಾಲನ್ನು ಎಲ್ಲರೂ ನೋಡುತ್ತಾರೆ.
ಅದು ಸವೆದರೆ ಏರಿನಲ್ಲಿ ಹಿಂದಿನ ಚಕ್ರ ಜಾರುತ್ತದೆ,
ಬೈಯುತ್ತೀಯ, ಇಳಿದು ತಳ್ಳುತ್ತೀಯ,
ಅಷ್ಟೇ.
ಅಂಚಿನ ಸಾಲು ನೋಡು.
ತಿರುವಿನಲ್ಲಿ ನೀನು ಮೈ ವಾಲಿಸಿದಾಗ
ಅಷ್ಟೂ ಭಾರ ಹೊರುವುದು ಈ ಬದಿಹಲ್ಲುಗಳು.
ಒಂದೊಂದನ್ನೇ ಹಿಂದಕ್ಕೆ ಬಗ್ಗಿಸು. ಬುಡದಲ್ಲಿ ಸೀಳು ಕಾಣಿಸಿತೇ?
ವಸಡು ಬಿಟ್ಟ ಹಲ್ಲು ಅದು,
ಕಚ್ಚಬೇಕಾದ ಹೊತ್ತಿಗೆ ಮಡಚಿಕೊಳ್ಳುತ್ತದೆ.

ನಮ್ಮ ಬೆಟ್ಟ ಸ್ಲೇಟಿನದು.
ನನ್ನ ತಾತ ಗ್ವಿಲಿಮ್ ಮೂವತ್ತೊಂದು ವರ್ಷ
ಮೇಲಿನ ಗಣಿಯಲ್ಲಿ ಕೂತು ಕಲ್ಲು ಸೀಳಿದವನು.
ಉಳಿ ಇಡುವ ಮುಂಚೆ ಬೆರಳ ಗೆಣ್ಣಿನಿಂದ ತಟ್ಟಿ
ಕಿವಿಗೊಡುತ್ತಿದ್ದ:
ಠಣ್ ಎಂದರೆ ಯಾರದೋ ಮನೆಯ ಮಾಡಿಗೆ,
ದಡ್ ಎಂದರೆ ಹೊರಗಿನ ಗುಡ್ಡೆಗೆ.
ಅವನು ದಡ್ ಎಂದು ಎಸೆದ ಕಲ್ಲಿನ ಮೇಲೇ
ಈಗ ನೀವೆಲ್ಲ ಟಿಕೆಟ್ಟು ತೆಗೆದು ಇಳಿಯುವುದು.
ವೇಲ್ಸಿನ ಮಳೆ ಇಷ್ಟು ವರ್ಷ ಅರೆದರೂ
ಅದರ ಅಂಚು ಮೊಂಡಾಗಿಲ್ಲ.
ಟೈರಿನ ಪಕ್ಕೆಯನ್ನು ಬೆಣ್ಣೆಯ ಹಾಗೆ ಕೊಯ್ಯುತ್ತದೆ.
ಇಗೋ, ನೂಲು ಹೊರಗೆ ಬಂದಿದೆ.
ಒಳಗಿನ ಬಿಳಿ ಅಂಟು ಒಸರಿ ಒಸರಿ ಹೆಪ್ಪುಗಟ್ಟಿದೆ,
ಹಾಲು ಕುಡಿದ ಮಗುವಿನ ಗಲ್ಲದ ಹಾಗೆ.
ಇದನ್ನು ನೋಡಿಯೂ ನನ್ನನ್ನು ಮೈಲಿ ಕೇಳುತ್ತೀಯಲ್ಲ!

ನನಗೂ ಗೊತ್ತಿತ್ತು, ಕೇಳು.
ಹೋದ ವರ್ಷದ ಹಿಂದಿನ ಅಕ್ಟೋಬರು.
ಹೊಸ ಟೈರು ಆ ಮೊಳೆಗೇ ನೇತಾಡುತ್ತಿತ್ತು,
ನನ್ನದೇ ಅಂಗಡಿ, ನನ್ನದೇ ಮೊಳೆ,
ಬೆಲೆಯ ಚೀಟಿ ಕೂಡ ನನ್ನದೇ ಕೈಬರಹ.
ಹೊಸದು ಡಾಂಬರಿನ ಮೇಲೆ ಜೇನುಗೂಡಿನಂತೆ ಗುಂಯ್ಗುಡುತ್ತದೆ,
ಸವೆದದ್ದು ಸುಮ್ಮನಿರುತ್ತದೆ.
ನಾನು ಆ ಮೌನವನ್ನು
ವೇಗ ಎಂದುಕೊಂಡೆ.
ಇನ್ನೊಂದು ಭಾನುವಾರ, ಅಂದೆ.

ಇಂಜಿನ್ ಮನೆಯ ಕೆಳಗಿನ ಮೂರನೆಯ ತಿರುವು.
ಮುಂದಿನ ಚಕ್ರ ನನಗೆ ಹೇಳದೆ ಹೋಯಿತು.
ಇಲ್ಲ, ಸುಳ್ಳು,
ವಾರಗಟ್ಟಲೆ ಹೇಳಿ ಹೇಳಿ ಸಾಕಾಗಿ ಹೋಯಿತು.
ಕೊರಳೆಲುಬು ಮುರಿದ ಸದ್ದು ಕೇಳಿಸಿತು ನನಗೆ:
ದಡ್.
ನಾಲ್ಕು ಕುರಿ ನಿಂತು ನೋಡಿದವು.
ಮೇಯುವುದನ್ನು ಬಿಟ್ಟದ್ದು ಒಂದೇ.

ಮುಂದಿನದು ಹೊಸದಿರಲಿ, ಯಾವತ್ತೂ.
ಹಿಂದಿನದು ಜಾರಿದರೆ ನಗಬಹುದು,
ಮುಂದಿನದು ಜಾರಿದರೆ ನಗುವವರು ಬೇರೆಯವರು.
ಅರೆಸವೆದದ್ದನ್ನು ಹಿಂದಕ್ಕೆ ಹಾಕು,
ಅಲ್ಲಿ ಇನ್ನೊಂದು ಚಳಿಗಾಲ ದುಡಿಯುತ್ತದೆ, ಪಿಂಚಣಿ ಬಂದ ಮೇಲೂ
ಚಾಪೆಲ್ಲಿನ ಬೀಗದ ಕೈ ಕಾಯುವ ಮುದುಕರ ಹಾಗೆ.
ಆದರೆ ನಿನ್ನದು ಅದಕ್ಕೂ ಬಾರದು.

ಜೇಬು ತಡಕುತ್ತೀಯ. ಮೀನಂಗಡಿಯ ಸಂಬಳ ಶುಕ್ರವಾರ,
ಗೊತ್ತು. ಬಾಯಿ ತೆರೆಯುತ್ತೀಯ,
ಏನು ಬರುತ್ತದೆಂದು ನನಗೆ ಗೊತ್ತು,
ಇನ್ನೊಂದು

ಅಷ್ಟರಲ್ಲಿ ವಾಲ್ವಿನ ಕಡ್ಡಿ ಕಿತ್ತೆ.
ಉಸ್ಸೆಂದಿತು, ಉದ್ದಕ್ಕೆ,
ಮೆಟ್ಟಿಲು ಹತ್ತಿ ಬಂದು ಕೂತವರ ಹಾಗೆ.

ಈಗ ಮನೆಗೆ ನಡೆದುಕೊಂಡು ಹೋಗಬಹುದು, ನಾಲ್ಕು ಮೈಲಿ,
ಅಗೋ ಮೈಲಿ ಬೇಕಿತ್ತಲ್ಲ ನಿನಗೆ.
ಇಲ್ಲವೇ ಆ ಡಬ್ಬದ ಮೇಲೆ ಕೂತು ಚಹಾ ಕುಡಿ.
ದುಡ್ಡು ಶುಕ್ರವಾರ ಕೊಡು.
ಈ ಬೋಡುಗುಂಡನ್ನು ಟೆಗ್ವೆನಳಿಗೆ ಕೊಡುತ್ತೇನೆ,
ಅವಳ ಲೀಕ್ ಮಡಿಯ ಸುತ್ತ ಬೇಲಿಯಾಗಿ ಬಿದ್ದಿರಲಿ.
ಬಸವನಹುಳುಗಳು ಹತ್ತಿ ಇಳಿಯಲಿ,
ಜಾರಿದರೂ
ಅವುಗಳಿಗೇನು ಎಲುಬೇ?